ಹಳದಿ ಗೂಡಿನೊಳಗಿನ ಬಿಳಿ

ನಮ್ಮ ಮನೆಯಲ್ಲಿ ಯಾರನ್ನಾದರೂ ಊಟಕ್ಕೆ ಕರೆಯಬೇಕಾದರೆ ಕೂಗುತ್ತಿರಲಿಲ್ಲ, ನಡುಮನೆಯ ದೀಪದ ಸ್ವಿಚ್ಚನ್ನು ಎರಡು ಸಲ ಟಕಟಕ ಒತ್ತುತ್ತಿದ್ದೆವು. ತಮ್ಮ ಚಂದ್ರುವಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅವನಿಗೆಂದು ಶುರುವಾದ ಈ ಪದ್ಧತಿ ಕೆಲವೇ ವರ್ಷಗಳಲ್ಲಿ ಕಿವಿ ನೆಟ್ಟಗಿದ್ದ ನಮಗೂ ಅಂಟಿಕೊಂಡು, ದೀಪ ಮಿನುಗದೆ ಬರೀ ಬಾಯಲ್ಲಿ ಕರೆದರೆ ಅಪ್ಪನೂ ಎದ್ದು ಬರುತ್ತಿರಲಿಲ್ಲ. ಚಾಮರಾಜಪುರಂನ ಆ ಬಾಡಿಗೆ ಮನೆಯ ಎದುರುಮನೆಯವರು ನಮ್ಮ ವೈರಿಂಗ್ ಕೆಟ್ಟಿದೆಯೆಂದು ತಿಳಿದು ಒಮ್ಮೆ ಎಲೆಕ್ಟ್ರಿಷಿಯನ್‌ನನ್ನೇ ಕಳಿಸಿಕೊಟ್ಟಿದ್ದರು. ಕರೆಂಟು ಹೋದಾಗ ಮಾತ್ರ ಪರದಾಟ. ಆಗ ಅವನಿದ್ದಲ್ಲಿಗೇ ಹೋಗಿ ಹೆಗಲು ಮುಟ್ಟಬೇಕು, ಹಿತ್ತಿಲ ಸೀಬೆ ಮರದ ಮೇಲಿದ್ದರೆ ಕೆಳಗಿನಿಂದ ಸಣ್ಣ ಕಲ್ಲು ಎಸೆಯಬೇಕು. ಕಲ್ಲಿನ ಕೆಲಸ ನನ್ನದು. ಒಂದೆರಡು ಸಲ ಬೇಕೆಂದೇ ಗುರಿಯಿಟ್ಟು ಹೊಡೆದದ್ದೂ ಉಂಟು. ಮಾತೆಲ್ಲ ಕೈಯಲ್ಲೇ ನಡೆಯುತ್ತಿತ್ತು. ಅವನ ಶಾಲೆಯಲ್ಲಿ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸುತ್ತಿದ್ದರು. ಮನೆಯ ಕೈಸನ್ನೆಗಳು ನಾವೇ ಕಟ್ಟಿಕೊಂಡವು, ಹೊರಗಿನವರಿಗೆ ಅವು ತಿಳಿಯುತ್ತಿರಲಿಲ್ಲ. ನಮಗೆಲ್ಲ ಅವನೇ ಹೆಸರಿಟ್ಟಿದ್ದ. ಮೂರು ಬೆರಳನ್ನು ಹಣೆಯ ಮೇಲೆ ಅಡ್ಡಕ್ಕೆ ಎಳೆದರೆ ಅಜ್ಜಿ. ಅವಳ ಹಣೆಯ ವಿಭೂತಿ ಸ್ನಾನದ ಹೊತ್ತು ಬಿಟ್ಟರೆ ಎಂದೂ ಮಾಸುತ್ತಿರಲಿಲ್ಲ. ಮೀಸೆ ತಿರುವಿದರೆ ನಂಜುಂಡ ಮಾವ. ಎದೆಯ ಹತ್ತಿರ ಎರಡು ಕೈ ಪಟಪಟ ಆಡಿಸಿದರೆ ಅಮ್ಮ, ಏಕೆಂದರೆ ಅಮ್ಮ ರೇಷ್ಮೆ ಚಿಟ್ಟೆಗಳ ನಡುವೆ ಕೆಲಸ ಮಾಡುತ್ತಿದ್ದಳು. ನನ್ನ ಹೆಸರು ಮೂಗಿನ ತುದಿ. ಕೋಪ ಅಲ್ಲೇ ಇರುತ್ತದೆಂದು ಇಡೀ ಮನೆ ಹೇಳುತ್ತಿತ್ತು, ಅದು ಸುಳ್ಳೂ ಆಗಿರಲಿಲ್ಲ.

ನಮ್ಮ ಮನೆಯ ಸಂಬಂಧಗಳನ್ನು ಹೊಸಬರಿಗೆ ವಿವರಿಸುವುದು ನನಗೆ ಚಿಕ್ಕಂದಿನಿಂದ ಒಂದು ಆಟವಾಗಿತ್ತು. ಅಪ್ಪ ಅಜ್ಜಿಯ ಕೊನೆಯ ತಮ್ಮ. ಅಮ್ಮ ಅಜ್ಜಿಯ ಹಿರಿಯ ಮಗಳು. ಅಂದರೆ ಅಜ್ಜಿ ತನ್ನ ಮಗಳನ್ನು ತನ್ನ ತಮ್ಮನಿಗೇ ಕೊಟ್ಟು, ತಾನೂ ಕಿರಿಮಗ ನಂಜುಂಡನನ್ನು ಕರೆದುಕೊಂಡು ಬಂದು ಆ ಮನೆಯಲ್ಲೇ ನೆಲೆಯೂರಿದ್ದಳು. ಹಾಗಾಗಿ ಅವಳು ನನಗೆ ಅಮ್ಮನ ಕಡೆಯಿಂದ ಅಜ್ಜಿ, ಅಪ್ಪನ ಕಡೆಯಿಂದ ಸೋದರತ್ತೆ. ಬೈಸಿಕೊಂಡ ದಿನ ನಾನು ಅವಳನ್ನು ಅತ್ತೆ ಎಂದೇ ಕರೆದು ಸೇಡು ತೀರಿಸಿಕೊಳ್ಳುತ್ತಿದ್ದೆ. ಅಮ್ಮ ಅಪ್ಪನನ್ನು ಕೊನೆಯವರೆಗೂ 'ಮಾವ' ಎಂದೇ ಕರೆದಳು. ಮಠದ ಬೀದಿಯಲ್ಲಿ ಅಪ್ಪನಿಗೆ ವಿಭೂತಿ, ರುದ್ರಾಕ್ಷಿ, ಗಂಟೆ, ಜಾಗಟೆ ಮಾರುವ ಒಂದು ಚಿಕ್ಕ ಅಂಗಡಿ ಇತ್ತು, ಅದನ್ನು ನಂಜುಂಡ ಮಾವ ಜೊತೆಗೆ ನೋಡಿಕೊಳ್ಳುತ್ತಿದ್ದ. ಹೊರಗಿನ ಹೆಣ್ಣು ತಂದರೆ ಮನೆ ಎರಡಾಗುತ್ತದೆ ಎಂಬುದು ಅಜ್ಜಿಯ ನಂಬಿಕೆ. ಅವಳ ಈ ಒಗ್ಗಟ್ಟಿನ ಲೆಕ್ಕ ನೆಮ್ಮದಿಯಾಗಿಯೇ ನಡೆಯುತ್ತಿತ್ತು ಎಂದು ನಾನು ಒಪ್ಪಲೇಬೇಕು. ಜಗಳವಾದರೆ ತವರಿಗೆ ಹೋಗುತ್ತೇನೆಂದು ಹೆದರಿಸಲು ಅಮ್ಮನಿಗೆ ಬೇರೆ ತವರೇ ಇರಲಿಲ್ಲ.

ಚಂದ್ರುವಿನ ಕಿವಿಯ ವಿಷಯ ತಿಳಿದದ್ದು ಅಂಗಡಿಯ ಜಾಗಟೆಯಿಂದ. ಅವನು ಎಂಟು ತಿಂಗಳ ಮಗುವಾಗಿದ್ದಾಗ, ಬಾಗಿಲು ಬಡಿದರೂ ಬೆಚ್ಚದೆ ಮಲಗುತ್ತಾನೆಂದು ಎಲ್ಲರೂ ಹೊಗಳುತ್ತಿದ್ದ ಕಾಲದಲ್ಲಿ, ಅಜ್ಜಿಗೆ ಏನೋ ಅನುಮಾನ ಬಂದು, ಅಪ್ಪನಿಂದ ಒಂದು ಕಂಚಿನ ಜಾಗಟೆ ತರಿಸಿ ತೊಟ್ಟಿಲ ಹಿಂದೆ ನಿಂತು ಬಾರಿಸಿದಳು. ಬೀದಿಯ ನಾಯಿ ಬೊಗಳಿತು, ಪಕ್ಕದ ಮನೆಯವರು ಮಂಗಳಾರತಿ ಎಂದು ಕೈ ಮುಗಿದರಂತೆ. ಮಗು ತಲೆ ತಿರುಗಿಸಲಿಲ್ಲ. ಆ ಜಾಗಟೆ ಮರಳಿ ಅಂಗಡಿಗೆ ಹೋಗದೆ ದೇವರ ಮನೆಯ ಬಾಗಿಲ ಮೊಳೆಯಲ್ಲಿ ಉಳಿಯಿತು. ಆಮೇಲೆ ನಮ್ಮ ಮನೆಗೆ ಯಾರ ಕೂಸು ಬಂದರೂ ಅಜ್ಜಿ ಮೊದಲು ಅದರ ಹಿಂದೆ ಜಾಗಟೆ ಬಾರಿಸಿ, ಅದು ಕಿಟಾರನೆ ಅತ್ತಮೇಲೆ ತೃಪ್ತಿಯಿಂದ ಕಲ್ಲುಸಕ್ಕರೆ ಕೊಡುತ್ತಿದ್ದಳು. ಬಂದವರಲ್ಲಿ ಕೆಲವರು ಎರಡನೆಯ ಸಲ ಬರಲೇ ಇಲ್ಲ. ಕಿವಿಯ ಆಸ್ಪತ್ರೆಗೆ ಚಂದ್ರುವನ್ನು ಕರೆದೊಯ್ಯುವುದು ಅಮ್ಮನ ಪಾಲಿಗೆ ಬಿತ್ತು. ಅಲ್ಲಿಯ ಉದ್ದ ಬೆಂಚಿನ ಮೇಲೆ ಅವಳು ಎಷ್ಟು ಬೆಳಗುಗಳನ್ನು ಕಳೆದಳೋ ಅವಳಿಗೇ ಗೊತ್ತು. ಪ್ರತಿ ಸಲವೂ ಯಾರಾದರೊಬ್ಬರು ಸಂಬಂಧದಲ್ಲಿ ಮದುವೆಯೇ ಎಂದು ಕೇಳಿ, ಹೌದೆಂದರೆ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರಂತೆ. ಅದನ್ನೇಕೆ ಕೇಳುತ್ತಾರೆಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಮ್ಮ ಕೆಲಸ ಮಾಡುತ್ತಿದ್ದದ್ದು ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ. ಬೆಳಕು ಹರಿಯುವ ಹೊತ್ತಿಗೆ ಚಿಟ್ಟೆಗಳು ಗೂಡು ಬಿಟ್ಟು ಈಚೆ ಬರುತ್ತವೆ, ಅಷ್ಟರಲ್ಲಿ ಅವಳು ಅಲ್ಲಿರಬೇಕು. ಹೊಟ್ಟೆ ದಪ್ಪಗಿದ್ದು ಕೂತಲ್ಲೇ ಕೂರುವವು ಹೆಣ್ಣು, ಸಣ್ಣಗಿದ್ದು ರೆಕ್ಕೆ ಬಡಿಯುತ್ತ ಓಡಾಡುವವು ಗಂಡು. ಮೈಸೂರು ತಳಿಯ ಹಳದಿ ಗೂಡಿನ ಹೆಣ್ಣಿಗೆ ಬೇರೆ ತಳಿಯ ಬಿಳಿ ಗೂಡಿನ ಗಂಡನ್ನು ಜೋಡಿ ಬಿಡುವುದು ಅವಳ ಕೆಲಸ. ಅವುಗಳ ಮೊಟ್ಟೆಯಿಂದ ಬಂದ ಹುಳ ಗಟ್ಟಿ, ಗೂಡೂ ಗಟ್ಟಿ. ಮಧ್ಯಾಹ್ನ ಮನೆಗೆ ಬರುವಾಗ ಅವಳ ಸೆರಗು, ರೆಪ್ಪೆಗಳ ಮೇಲೆಲ್ಲ ರೆಕ್ಕೆಯ ಸಣ್ಣ ಪುಡಿ ಇರುತ್ತಿತ್ತು, ಹತ್ತಿರ ಹೋದರೆ ಸೀನು. ಊಟ ಬಡಿಸುತ್ತ ಅವಳು ಚಿಟ್ಟೆಗಳ ವಿಷಯವನ್ನು ಬೀದಿಯ ಸುದ್ದಿಯ ಹಾಗೆ ಹೇಳುತ್ತಿದ್ದಳು. ಸ್ವಲ್ಪ ತಡವಾದರೆ ಒಂದೇ ತಟ್ಟೆಯಲ್ಲಿ ಹುಟ್ಟಿದ ಹೆಣ್ಣು ಗಂಡು ತಾವಾಗಿಯೇ ಜೋಡಿಯಾಗಿಬಿಡುತ್ತವೆ, ಅಂಥವನ್ನು ಎತ್ತಿ ಬೇರೆ ಹಾಕಬೇಕು, ಹಾಕದಿದ್ದರೆ ಮೇಲಿನವರಿಂದ ಬೈಗುಳ. ನಾವು ಮುದ್ದೆ ನುಂಗುತ್ತ ನಗುತ್ತಿದ್ದೆವು. ಅಜ್ಜಿಯೂ ನಗುತ್ತಿದ್ದಳು.

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಅಜ್ಜಿ ಅಕ್ಕ ಮಂಜುಳೆಯನ್ನು ನಂಜುಂಡ ಮಾವನಿಗೆ ಕೊಡುವುದೆಂದು ತೀರ್ಮಾನಿಸಿದಳು. ತೀರ್ಮಾನ ಎಂಬ ಮಾತು ದೊಡ್ಡದಾಯಿತು, ಅಕ್ಕ ಹುಟ್ಟಿದ ದಿನವೇ ಆದ ಮಾತನ್ನು ಈಗ ಬಾಯಿಬಿಟ್ಟು ಹೇಳಿದಳು ಅಷ್ಟೆ. ಅಕ್ಕನಿಗೆ ಹತ್ತೊಂಬತ್ತು. ಮಾವ ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವನು, ಸಂಜೆ ಬರುವಾಗ ಮಲ್ಲಿಗೆ ತರುವುದನ್ನು ಒಂದು ದಿನವೂ ಮರೆತವನಲ್ಲ. ಇಬ್ಬರೂ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ, ಅವರನ್ನು ಯಾರೂ ಕೇಳಿರಲೂ ಇಲ್ಲ. ನನಗಂತೂ ಖುಷಿಯೋ ಖುಷಿ. ಅಕ್ಕ ಎಲ್ಲಿಗೂ ಹೋಗುವುದಿಲ್ಲ, ಹಾಸಿಗೆಯನ್ನು ಈ ಕೋಣೆಯಿಂದ ಆ ಕೋಣೆಗೆ ಎತ್ತಿಟ್ಟರೆ ಮದುವೆ ಮುಗಿಯಿತು ಎಂದು ಕುಣಿದಾಡಿದೆ. ಲಗ್ನ ನೋಡಿಸಲು ಸಂಕ್ರಾಂತಿ ಕಳೆಯಲಿ ಎಂದಾಯಿತು.

ಅದೇ ತಿಂಗಳು ಶಾಲೆಯಲ್ಲಿ ಅನುವಂಶೀಯತೆಯ ಪಾಠ ಬಂತು. ಬಟಾಣಿ ಗಿಡಗಳ ಕತೆ ಮುಗಿಸಿ ನಮ್ಮ ಮೇಡಂ ಪ್ರತಿಯೊಬ್ಬರೂ ತಮ್ಮ ಮನೆಯ ವಂಶವೃಕ್ಷ ಬರೆದು ತರಬೇಕೆಂದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಏನಾದರೂ ಹುಟ್ಟಿನಿಂದ ಬಂದದ್ದಿದ್ದರೆ ಕಪ್ಪು ತುಂಬಬೇಕು, ಒಳಗೆ ಅಡಗಿ ಮೇಲೆ ಕಾಣದಿದ್ದರೆ ಅರ್ಧ ಮಾತ್ರ. ಶನಿವಾರ ಮಧ್ಯಾಹ್ನ ನಾನು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ನಡುಮನೆಯ ಕೆಂಪು ನೆಲದಲ್ಲಿ ಕೂತು ಬರೆದೆ. ಉಳಿದವರದೆಲ್ಲ ಕೆಳಕ್ಕೆ ಕೆಳಕ್ಕೆ ಹರಡುವ ಕೊಂಬೆಗಳು. ನನ್ನದರಲ್ಲಿ ಅಜ್ಜಿಯಿಂದ ಹೊರಟ ಗೆರೆ ಅಮ್ಮನಿಗೆ ಬಂದು, ಅಜ್ಜಿಯ ಪಕ್ಕದ ಅಪ್ಪನಿಂದ ಹೊರಟ ಗೆರೆಗೆ ಸಿಕ್ಕಿ, ಮರವಾಗುವ ಬದಲು ಜಡೆಯಾಯಿತು. ಮಾವನನ್ನೂ ಅಕ್ಕನನ್ನೂ ಚುಕ್ಕೆ ಗೆರೆಯಿಂದ ಸೇರಿಸಿದಾಗ ಜಡೆ ಇನ್ನೂ ಬಿಗಿಯಾಯಿತು. ಕೊನೆಗೆ ಚಂದ್ರುವಿನ ಚೌಕಕ್ಕೆ ಕಪ್ಪು ತುಂಬಿದೆ. ತಲೆಯೆತ್ತಿ ನೋಡಿದರೆ ಅವನೇ ಎದುರಿಗೆ ನಿಂತಿದ್ದ. ಹತ್ತು ವರ್ಷದ ಹುಡುಗ, ಶಾಲೆಯ ಬ್ಯಾಗು ಇನ್ನೂ ಹೆಗಲ ಮೇಲಿತ್ತು. ನಾನೊಬ್ಬನೇ ಯಾಕೆ ಕಪ್ಪು ಎಂದು ಕೈಯಲ್ಲಿ ಕೇಳಿದ. ನನಗೆ ನಾಚಿಕೆಯಾಯಿತು. ಅಷ್ಟು ಅಂದವಾಗಿ, ಗೆರೆ ದಾಟದ ಹಾಗೆ, ಅವನ ಮೇಲೆ ಶಾಯಿ ತುಂಬಿದ್ದೆ. ಗಾಬರಿಯಲ್ಲಿ ಅಮ್ಮನ ವೃತ್ತಕ್ಕೂ ಅಪ್ಪನ ಚೌಕಕ್ಕೂ ಅರ್ಧರ್ಧ ಕಪ್ಪು ತುಂಬಿ, ಇದರಿಂದ ಅರ್ಧ, ಅದರಿಂದ ಅರ್ಧ, ಎರಡೂ ಸೇರಿ ನೀನು ಎಂದು ತೋರಿಸಿದೆ. ಅಜ್ಜಿಯದನ್ನೂ ಅರ್ಧ ತುಂಬಿದೆ. ಅವನು ನಿನಗೆ ಎಷ್ಟು ಎಂದ. ಗೊತ್ತಿಲ್ಲ, ಇದ್ದರೆ ಅರ್ಧ ಇರಬಹುದು ಎಂದೆ. ಅವನ ಮುಖ ಅರಳಿತು. ಒಬ್ಬಟ್ಟಿನಲ್ಲೂ ಮಾವಿನಹಣ್ಣಿನಲ್ಲೂ ಯಾವಾಗಲೂ ದೊಡ್ಡ ಪಾಲು ಕಿತ್ತುಕೊಳ್ಳುತ್ತಿದ್ದ ನನ್ನ ಕಡೆ ನೋಡಿ, ಒಂದು ಅಂಗೈಯನ್ನು ಇನ್ನೊಂದರ ಅಂಚಿನಿಂದ ಕುಯ್ದು ತೋರಿಸಿದ.

ನಿನಗೆ ಅರ್ಧ. ನನಗೆ ಪೂರ್ತಿ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ಅಮ್ಮ ನೋಡಿದ್ದಳು. ಚಪ್ಪಲಿ ಬಿಟ್ಟವಳೇ ಬಂದು ಕಾಗದದ ಮುಂದೆ ಕೂತು, ಅರ್ಧ ಅಂದರೇನೆಂದು ಕೇಳಿದಳು. ನಾನು ಬಟಾಣಿ ಶುರು ಮಾಡಿದೆ. ಅವಳು ಅರ್ಧದಲ್ಲೇ ತಡೆದಳು.

"ಬಟಾಣಿ ಬುಡು. ಹಳದಿ ಗೂಡಿಗೂ ಬಿಳಿ ಗೂಡಿಗೂ ಜೋಡಿ ಬಿಟ್ರೆ ಮಕ್ಕಳ ಗೂಡೆಲ್ಲ ಹಳದೀನೇ. ಆ ಮಕ್ಕಳನ್ನೇ ಒಂದಕ್ಕೊಂದು ಜೋಡಿ ಬಿಟ್ರೆ ಎಲ್ಲಿಂದಲೋ ಬಿಳಿ ಬತ್ತದೆ. ಬಿಳಿ ಹೋಗಿರಲ್ಲ ಕಣೇ ಗಿರಿಜಾ, ಒಳಗೇ ಇರ್ತದೆ. ಇದೂ ಅದೇ ಅಲ್ವ?"

ಅದೇ ಎಂದೆ. ಅಮ್ಮ ಬೆರಳಿಂದ ಗೆರೆಗಳನ್ನು ಸವರುತ್ತ, ಮಾವನಿಂದ ಅಕ್ಕನವರೆಗಿನ ಚುಕ್ಕೆಗಳ ಮೇಲೆ ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ಇದಕ್ಕೇ ಕೇಳುತ್ತಿದ್ದರು ಎಂದಳು, ನನಗಲ್ಲ, ತನಗೇ. ಅವಳ ಬೆರಳಿನ ಪುಡಿ ಆ ಚುಕ್ಕೆಗಳ ಮೇಲೆಲ್ಲ ಅಂಟಿತು. ಮರುವಾರ ಆಸ್ಪತ್ರೆಗೆ ಹೋದಾಗ ಮೊದಲ ಸಲ ತಾನೇ ತಿರುಗಿ ಪ್ರಶ್ನೆ ಕೇಳಿದಳಂತೆ. ಮಾವನಲ್ಲೂ ಅಕ್ಕನಲ್ಲೂ ಅದು ಅಡಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ ಎಂದರಂತೆ. ಅದನ್ನು ಕೇಳಿ ಬಂದವಳು ಎರಡು ದಿನ ಮದುವೆಯ ಮಾತು ಬಂದಾಗಲೆಲ್ಲ ಹಿತ್ತಿಲ ಕೆಲಸಕ್ಕೆ ಎದ್ದು ಹೋದಳು. ಅವಳ ಕಷ್ಟ ಏನೆಂದು ನನಗೆ ಆಗ ಪೂರ್ತಿ ತಿಳಿಯಲಿಲ್ಲ. ಈ ಮದುವೆ ಬೇಡ ಅಂದರೆ ತನ್ನ ಮದುವೆಯನ್ನೂ ಬೇಡ ಅಂದ ಹಾಗೆ, ಅಪ್ಪನನ್ನು ಬೇಡ ಅಂದ ಹಾಗೆ. ಎಲ್ಲಕ್ಕಿಂತ ಹೆಚ್ಚಾಗಿ, ಚಂದ್ರುವಿನ ಮುಂದೆ ಅವನಂಥ ಇನ್ನೊಂದು ಮಗು ಬೇಡ ಎಂದು ಹೇಳಿದ ಹಾಗೆ.

ಹೇಳಿದ್ದು ಅವರೆಕಾಯಿಯ ದಿನ. ನೆನೆಸಿದ ಕಾಳನ್ನು ಹಿಚುಕಿ ಸಿಪ್ಪೆ ತೆಗೆಯಲು ಪಾತ್ರೆಯ ಸುತ್ತ ಅಜ್ಜಿ, ಅಮ್ಮ, ನಾನು, ಚಂದ್ರು ಕೂತಿದ್ದೆವು. ಅಪ್ಪ ಬಾಗಿಲ ಹತ್ತಿರ ಪೇಪರ್ ಹಿಡಿದಿದ್ದ.

"ಅವ್ವಾ, ಮಂಜೂನ ನಂಜುಂಡಂಗೆ ಕೊಡೋದು ಬ್ಯಾಡ."

"ಯಾಕೆ, ನನ್ನ ಮಗನಿಗೇನಾಗಿದೆ?"

"ಅವನಿಗೂ ಏನೂ ಆಗಿಲ್ಲ, ಇವಳಿಗೂ ಏನೂ ಆಗಿಲ್ಲ ಕಣವ್ವ. ಇಬ್ಬರೂ ಒಂದೇ ತಟ್ಟೇಲಿ ಹುಟ್ಟಿದೋರು. ಅಂಥಾ ಜೋಡೀನ ನಾನು ದಿನಾ ಎತ್ತಿ ಆಚೆ ಹಾಕ್ತೀನಿ."

"ಹುಳದ ಲೆಕ್ಕಾನ ಮನುಷ್ಯರಿಗೆ ಹಾಕ್ತೀಯಾ? ನಿನ್ನ ನನ್ನ ತಮ್ಮನಿಗೆ ಕೊಟ್ಟೆನಲ್ಲ, ಏನು ಹಾಳಾಗ್ಬುಡ್ತು?"

"ಏನೂ ಹಾಳಾಗ್ಲಿಲ್ಲ. ಮಾವನಂಥ ಗಂಡ ಹೊರಗೆ ನಂಗೆ ಸಿಕ್ತಿರ್ಲಿಲ್ಲ. ಆದ್ರೆ ಚಂದ್ರೂ ಕಿವಿ ನಮ್ಮೊಳಗಿಂದಾನೇ ಬಂದಿದ್ದು. ನಂದು ಅರ್ಧ, ಮಾವಂದು ಅರ್ಧ."

"ಅಂದ್ರೆ ನನ್ನ ತವರಿಂದ ಬಂತು ಅನ್ನು. ನನ್ನಿಂದ ಬಂತು ಅನ್ನು."

ಅಮ್ಮ ಕಾಳು ಹಿಚುಕುವುದನ್ನು ನಿಲ್ಲಿಸಿ ಹೌದು ಎಂದಳು. ಅಜ್ಜಿ ಗದ್ದದಿಂದ ಚಂದ್ರುವಿನ ಕಡೆ ತೋರಿಸಿ, ಹಾಗಾದರೆ ಈ ಮಗು ಹುಟ್ಟಿದ್ದು ತಪ್ಪೇ ಎಂದು ಕೇಳಿದಳು. ಅವನು ತುಟಿಗಳನ್ನೇ ನೋಡುತ್ತಿದ್ದ.

"ಅವನು ತಪ್ಪಲ್ಲ. ನಮಗೆ ಗೊತ್ತಿರ್ಲಿಲ್ಲ, ಬಂದ, ಎತ್ಕೊಂಡ್ವಿ. ಇನ್ನೊಂದು ಸಲ ಬಂದ್ರೂ ಎತ್ಕೊತೀನಿ. ಆದ್ರೆ ಗೊತ್ತಿದ್ದೂ ಗೊತ್ತಿದ್ದೂ ಮಂಜೂನ ಕರ್ಕೊಂಡೋಗಿ ಆ ಆಸ್ಪತ್ರೆ ಬೆಂಚಿನ ಮೇಲೆ ಕೂರ್ಸಕ್ಕೆ ನನ್ನ ಕೈಲಾಗಲ್ಲ."

ಅಮ್ಮ ಇದನ್ನು ಒದ್ದೆ ಕೈಯಲ್ಲೇ ಚಂದ್ರುವಿಗೂ ಹೇಳಿದಳು, ಒಂದು ಮಾತನ್ನೂ ಮುಚ್ಚಿಡದೆ. ಅವಳ ಮೇಲೆ ನನಗಿರುವ ಗೌರವದಲ್ಲಿ ಮುಕ್ಕಾಲು ಪಾಲು ಆ ದಿನದ್ದು. ಅಪ್ಪ ಪೇಪರ್ ಮಡಿಸಿಟ್ಟು, ಅವಳು ಹೇಳಿದಂತೆಯೇ ಆಗಲಿ ಎಂದಷ್ಟೇ ಹೇಳಿ ಅಂಗಡಿಗೆ ಹೊರಟ. ಅಜ್ಜಿ ಕಾಳಿನ ಪಾತ್ರೆಯನ್ನು ತಳ್ಳಿ ಎದ್ದಳು. ಆ ವರ್ಷ ಹಿತಕಿದ ಬೇಳೆಯ ಸಾರು ನಮ್ಮ ಮನೆಯಲ್ಲಿ ಮಿಕ್ಕಿಹೋಯಿತು.

ಅಂದಿನಿಂದ ಅಜ್ಜಿ ಅಮ್ಮನ ಜೊತೆ ಮಾತು ಬಿಟ್ಟಳು. ಅಪ್ಪನ ಜೊತೆಗೂ ಬಿಟ್ಟಳು. ಕ್ಯಾಲೆಂಡರ್ ಬರೆದ ಪಾಪಿ ಎಂದು ನನ್ನ ಜೊತೆಗೂ ಬಿಟ್ಟಳು. ಅವಳು ಮಾತಾಡುತ್ತಿದ್ದದ್ದು ಮನೆಯಲ್ಲಿ ಮಾತು ಕೇಳದವನ ಜೊತೆ ಮಾತ್ರ. ಅಮ್ಮ ಎರಡು ಮಾರು ದೂರದಲ್ಲಿ ನಿಂತಿದ್ದರೂ ಅಜ್ಜಿ ಚಂದ್ರುವಿಗೆ ಕೈಯಲ್ಲಿ ಹೇಳುವಳು, ಅವನು ಹೋಗಿ ಅಮ್ಮನಿಗೆ ಕೈಯಲ್ಲಿ ಹೇಳುವನು. ಕೈಮಾತು ಎಲ್ಲರಿಗೂ ಕಾಣುತ್ತದೆ, ಆದರೆ ಚಂದ್ರು ತಲುಪಿಸುವವರೆಗೆ ಕಂಡಿಲ್ಲವೆಂಬಂತೆ ಇರಬೇಕು ಎಂಬುದು ಯಾರೂ ಹೇಳದೆ ಜಾರಿಗೆ ಬಂದ ಕಾನೂನು. ಕೆಲವು ದಿನ ನಿಯತ್ತಿನಿಂದ ಮುಟ್ಟಿಸಿದ ಅವನು ಆಮೇಲೆ ತನ್ನದೇ ಕೈಚಳಕ ತೋರಿಸತೊಡಗಿದ. ನಿನ್ನ ಅಮ್ಮನ ಸಾರು ದನವೂ ಮೂಸುವುದಿಲ್ಲ ಎಂದು ಅಜ್ಜಿ ಹೇಳಿದರೆ, ಅಜ್ಜಿಗೆ ಇನ್ನೊಂದು ಸೌಟು ಸಾರು ಬೇಕಂತೆ ಎಂದು ಅವನು ತಲುಪಿಸಿದ. ಅಮ್ಮ ಮೊದಲನೆಯದನ್ನೂ ಕಂಡಿದ್ದಳು, ಎರಡನೆಯದನ್ನೂ ಕಂಡಳು. ಒಂದು ಸೌಟು ತಂದು ಬಡಿಸಿದಳು. ಅಜ್ಜಿ ಎಲ್ಲವನ್ನೂ ನೋಡುತ್ತಲೇ ಇದ್ದವಳು, ಬೇಡ ಅನ್ನಲಾಗದೆ, ನಗಲೂ ಆಗದೆ, ಉಂಡಳು. ನಾನು ಹಿತ್ತಿಲಿಗೆ ಓಡಿ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆ.

ನಕ್ಕರೂ ಮನೆ ಮೊದಲಿನಂತಾಗಿರಲಿಲ್ಲ. ಅಜ್ಜಿ ಕನ್ನಡಿಯ ಮುಂದೆ ವಿಭೂತಿ ಹಚ್ಚುವಾಗ ತನ್ನ ಕಿವಿಗಳನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುವುದನ್ನು ನಾನು ಕಂಡೆ. ಮೊಮ್ಮಗನಿಗೆ ತಾನೇ ಕೆಡುಕು ಕೊಟ್ಟೆನೆಂದು ಅವಳು ಒಳಗೊಳಗೇ ಬೇಯುತ್ತಿದ್ದಳು, ಹಟವೆಲ್ಲ ಅದರ ಹೊದಿಕೆ. ಅದು ನನಗೂ ಅಮ್ಮನಿಗೂ ಗೊತ್ತಿತ್ತು, ಆದರೆ ಸಮಾಧಾನ ಮಾಡಲು ಅವಳು ನಮ್ಮನ್ನು ಹತ್ತಿರ ಬಿಡಬೇಕಲ್ಲ. ಶಿವರಾತ್ರಿಯ ಉಪವಾಸದ ಮಧ್ಯಾಹ್ನ ಚಂದ್ರು ಎಲ್ಲಿಂದಲೋ ನನ್ನ ಕ್ಯಾಲೆಂಡರ್ ಕಾಗದ ಹುಡುಕಿ ತಂದು ಅವಳ ಮುಂದೆ ಹಾಸಿದ. ಅವಳು ಮುಖ ತಿರುಗಿಸಿದಳು. ಅವನು ಗದ್ದ ಹಿಡಿದು ತಿರುಗಿಸಿಕೊಂಡ. ತನ್ನ ಕಪ್ಪು ಚೌಕದ ಮೇಲೆ ಬೆರಳಿಟ್ಟು ಅಮ್ಮನ ಕಡೆಯ ಗೆರೆ ಹಿಡಿದು ಮೇಲೆ ಹೋದ, ಅಜ್ಜಿಯಲ್ಲಿ ಮುಟ್ಟಿದ. ಮತ್ತೆ ಕೆಳಗೆ ಬಂದು ಅಪ್ಪನ ಕಡೆಯ ಗೆರೆ ಹಿಡಿದು ಮೇಲೆ ಹೋಗಿ, ಪಕ್ಕಕ್ಕೆ ತಿರುಗಿ, ಮತ್ತೆ ಅಜ್ಜಿಯಲ್ಲೇ ಮುಟ್ಟಿದ. ಎರಡು ಅರ್ಧ ತೋರಿಸಿ ಅಂಗೈಗಳನ್ನು ಕೂಡಿಸಿದ. ಆಮೇಲೆ ಮೂರು ಬೆರಳನ್ನು ತನ್ನ ಹಣೆಯ ಮೇಲೆ ಅಡ್ಡಕ್ಕೆ ಎಳೆದು ಎದೆ ಮುಟ್ಟಿಕೊಂಡ. ಉಳಿದವರೆಲ್ಲ ಇನ್ಯಾರ್ಯಾರಿಗೋ ಸೇರಿದವರು, ನಾನು ಮಾತ್ರ ಪೂರ್ತಿ ನಿನ್ನವನು.

ಅಜ್ಜಿ ಅವನನ್ನು ಮಡಿಲಿಗೆ ಎಳೆದುಕೊಂಡು ಅತ್ತಳು. ಹತ್ತು ವರ್ಷದವನು ಮಡಿಲಲ್ಲಿ ಹಿಡಿಸದೆ ಕಾಲು ಹೊರಗೆ ಚಾಚಿಕೊಂಡು ಮುಜುಗರದಿಂದ ನನ್ನ ಕಡೆ ನೋಡುತ್ತಿದ್ದ. ಆಮೇಲೆ ಅಜ್ಜಿ ಅಡುಗೆಮನೆಯಲ್ಲಿದ್ದ ಅಮ್ಮನ ಕಡೆಗೆ ತಿರುಗಿ, ಅಷ್ಟು ದಿನಗಳಲ್ಲಿ ಮೊದಲ ಸಲ ಬಾಯಲ್ಲೇ ಕರೆದಳು.

"ಲೇ, ನಿನ್ನ ಮಗಳಿಗೆ ಹೊರಗೆ ಗಂಡು ನೋಡು. ಮಲ್ಲಿಗೆ ತರೋನಾಗಿರಬೇಕು, ಅಷ್ಟೆ."

ಅಕ್ಕನನ್ನು ರಾಮಕೃಷ್ಣನಗರದ ಒಂದು ಮನೆಗೆ ಕೊಟ್ಟೆವು. ಧಾರೆಯ ದಿನ ಎಲ್ಲರಿಗಿಂತ ಹೆಚ್ಚು ಓಡಾಡಿದವನು ನಂಜುಂಡ ಮಾವ. ಅವನಿಗೂ ಮುಂದೆ ಒಳ್ಳೆಯ ಹೆಂಡತಿ ಸಿಕ್ಕಳು, ಮನೆಯೇನೂ ಎರಡಾಗಲಿಲ್ಲ. ಚಂದ್ರು ಬೆಳೆದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸ ಕಲಿತು, ಕಿವುಡರ ಕೂಟವೊಂದರಲ್ಲಿ ತಾನೇ ಹುಡುಗಿಯನ್ನು ಮೆಚ್ಚಿಕೊಂಡು ಬಂದಾಗ ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಕಳೆದಿತ್ತು. ಹುಡುಗಿ ಶಿವಮೊಗ್ಗದ ಕಡೆಯವಳು, ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋದವಳು. ಅವಳ ತಂದೆ ತಾಯಿ ಬಂದು ಕೂತಾಗ ಅಜ್ಜಿಯ ಮೊದಲ ಪ್ರಶ್ನೆ ನಿಮಗೂ ನಮಗೂ ಏನಾದರೂ ಸಂಬಂಧ ಇದೆಯಾ ಎಂಬುದೇ. ಹಿಂದೆ ಯಾರ ಜೊತೆಗಾದರೂ ಸಂಬಂಧ ಹುಡುಕಿ ತೆಗೆಯುವ ತನಕ ಬಿಡದಿದ್ದ ಅದೇ ಮುದುಕಿ ಈಗ ಅವರ ಅಜ್ಜ ಮುತ್ತಜ್ಜನ ಊರುಗಳನ್ನೆಲ್ಲ ಕೆದಕಿ, ಎಲ್ಲೂ ಏನೂ ಸಿಗದಿದ್ದಾಗ ಕೈ ಮುಗಿದು ಒಪ್ಪಿಗೆ ಕೊಟ್ಟಳು.

ಚಂದ್ರುವಿಗೆ ಮಗಳು ಹುಟ್ಟಿದಳು. ಮೂರು ತಿಂಗಳಿಗೆ ಕೂಸನ್ನು ಚಾಮರಾಜಪುರಂ ಮನೆಗೆ ಕರೆತಂದ ಬೆಳಿಗ್ಗೆ ನಾನೂ ಅಕ್ಕನೂ ಬಂದಿದ್ದೆವು. ಅಜ್ಜಿಗೆ ಆಗ ವಯಸ್ಸಿನಿಂದ ಕಿವಿ ಪೂರ್ತಿ ಹೋಗಿತ್ತು, ಅವಳನ್ನೂ ದೀಪದಿಂದಲೇ ಕರೆಯುತ್ತಿದ್ದೆವು. ಯಾರು ತಡೆದರೂ ಕೇಳದೆ ಮೊಳೆಯಿಂದ ಜಾಗಟೆ ಇಳಿಸಿದಳು. ತೊಟ್ಟಿಲ ಹಿಂದೆ ನಿಂತು, ಹಳೆಯ ಲೆಕ್ಕ ತೀರಿಸುವವಳಂತೆ ಬಾರಿಸಿದಳು. ಕೂಸು ಬೆಚ್ಚಿ, ತಲೆ ತಿರುಗಿಸಿ, ಬಾಯಿ ತೆರೆದು ಚೀರಿತು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಾರಿಸಿದ ಅಜ್ಜಿಗೂ, ಎದುರಿಗಿದ್ದ ತಂದೆ ತಾಯಿಗೂ ಏನೂ ಕೇಳಿಸಿರಲಿಲ್ಲ, ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನು ಕಿವಿ ಮುಟ್ಟಿ ಹೌದೆಂದು ತಲೆಯಾಡಿಸಿದೆ, ನನ್ನ ಕಣ್ಣಲ್ಲಿ ನೀರು ಬಂತು. ಚಂದ್ರು ನಕ್ಕು ಅಂಗೈಯನ್ನು ಅಂಚಿನಿಂದ ಕುಯ್ದು ತೋರಿಸಿದ, ಪಾಪ, ಇವಳಿಗೂ ಅರ್ಧವೇ ಸಿಕ್ಕಿತು. ಅಜ್ಜಿ ಜಾಗಟೆಯನ್ನು ಮೊಳೆಗೆ ಹಾಕಲಿಲ್ಲ, ಅಂಗಡಿಗೆ ಕಳಿಸಿಬಿಡು ಎಂದು ಅಪ್ಪನ ಕೈಗೆ ಕೊಟ್ಟಳು. ಆಮೇಲೆ ತೊಟ್ಟಿಲ ಪಕ್ಕದಲ್ಲಿ ಕೂತು, ಅಳು ನಿಲ್ಲಿಸುತ್ತಿದ್ದ ಕೂಸಿನ ಮುಷ್ಟಿ ಬಿಡಿಸಿ, ಅದರ ಮೂರು ಪುಟ್ಟ ಬೆರಳುಗಳನ್ನು ತನ್ನ ಹಣೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದುಕೊಂಡಳು. ಬೆರಳಿಗೆಲ್ಲ ವಿಭೂತಿ ಮೆತ್ತಿತು.